ನೀಲಿ ಅಂಚಿನ ಮುಚ್ಚಳ

ಅಡುಗೆಮನೆಯ ಡಬ್ಬಿ ತಾನೇ ಬಾಯಿ ಬಿಟ್ಟು, ನಾನು ಹಳಸಿದ್ದೀನಿ, ನನ್ನನ್ನು ಚೆಲ್ಲಿ ಎಂದು ಹೇಳುವಂತಿದ್ದರೆ? ನಮ್ಮ ಕಂಪನಿ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಡಬ್ಬಿಗೆ ಬಾಯಿ ಕೊಡುವುದು ಆಗಲಿಲ್ಲ, ಅದಕ್ಕೆ ಬಣ್ಣ ಕೊಟ್ಟೆವು. ಕೆಲವೇ ವರ್ಷಗಳಲ್ಲಿ ತುಮಕೂರಿನ ಜನ ಮೂಸಿ ನೋಡುವುದನ್ನೇ ಬಿಟ್ಟುಬಿಟ್ಟರು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನಂಬಿಕೆ ಬರದಿದ್ದರೆ ಕ್ಯಾತ್ಸಂದ್ರದಲ್ಲಿರುವ ನಮ್ಮವ್ವನ ತಟ್ಟೆ ಇಡ್ಲಿ ಹೋಟ್ಲಿಗೆ ಬಂದು ನೋಡಬೇಕಿತ್ತು. ಒಳಗೆ ಬಂದವರು ಮೊದಲು ಬೆಂಚು ನೋಡುತ್ತಿರಲಿಲ್ಲ, ಅವ್ವನ ಮುಖ ನೋಡುತ್ತಿರಲಿಲ್ಲ. ಕೌಂಟರಿನ ಹಿಂದೆ ಸಾಲಾಗಿ ಇಟ್ಟ ಡಬ್ಬಿಗಳ ಮುಚ್ಚಳ ನೋಡುತ್ತಿದ್ದರು. ಹಿಟ್ಟು ಹಸಿರು, ಚಟ್ನಿ ಹಸಿರು, ಬೆಣ್ಣೆ ಹಸಿರು. ಆಮೇಲೆ ಕೂರುತ್ತಿದ್ದರು. ರಿಟೈರಾದ ಬಸ್ ಕಂಡಕ್ಟರ್ ಗುರುಬಸಯ್ಯನವರು ಅವ್ವನ ಹೋಟ್ಲು ಶುರುವಾದ ದಿನದಿಂದ ಬರುತ್ತಿರುವವರು. ಅವರು ಕೂಡ ಕನ್ನಡಕ ಸರಿಮಾಡಿಕೊಂಡು ಮುಚ್ಚಳಗಳನ್ನು ಟಿಕೆಟ್ ಚೆಕ್ ಮಾಡಿದಂತೆ ಒಂದೊಂದಾಗಿ ನೋಡಿಯೇ "ಎರಡು ಕೊಡಮ್ಮ" ಅನ್ನುತ್ತಿದ್ದರು.

ನನಗೆ ಅದನ್ನು ನೋಡಿ ಹೆಮ್ಮೆಯಾಗಬೇಕಿತ್ತು, ಆಗುತ್ತಿತ್ತು ಕೂಡ. ಆದರೆ ಹೆಮ್ಮೆಯ ಬುಡದಲ್ಲಿ ಏನೋ ಚುಚ್ಚುತ್ತಿತ್ತು. ನನ್ನ ಕಣ್ಣು ಎಲ್ಲಿ ಹೋದರೂ ಮುಚ್ಚಳ ಹುಡುಕುತ್ತಿತ್ತು. ಮದುವೆ ಮನೆಗೆ ಹೋದರೆ ಹೆಣ್ಣುಗಂಡು ನೋಡುವ ಮೊದಲು ಬಡಿಸುವ ಜಾಗಕ್ಕೆ ನುಗ್ಗುವ ಚಟ ಬಂದಿತ್ತು. ಅವ್ವನ ಇಡ್ಲಿ ತಿನ್ನುತ್ತಾ ಕೂತರೂ ನೆಟ್ಟಗೆ ತಿನ್ನುತ್ತಿರಲಿಲ್ಲ. ಈಚೆಗೆ ಚಟ್ನಿ ಸಪ್ಪೆ ಅನ್ನಿಸುತ್ತಿತ್ತು. ಟೆನ್ಷನ್ನಿಗೆ ನನ್ನ ಬಾಯೇ ಕೆಟ್ಟಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ನಾನು ದಾಕ್ಷಾಯಿಣಿ. ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿರುವ 'ಹಸನು' ಎಂಬ ಡಬ್ಬಿ ಕಂಪನಿಯಲ್ಲಿ ಬಣ್ಣ ನಿರ್ಧರಿಸುವುದು ನನ್ನ ಕೆಲಸ. ಮುಚ್ಚಳದ ಒಳಗಿನ ವಿಜ್ಞಾನ ನನ್ನದಲ್ಲ, ಅದು ನಾಜಿಯಾಳದ್ದು. ಅವಳು ಕೆಮಿಸ್ಟ್. ಅವಳು ಮಾಡಿದ್ದು ಇಷ್ಟು: ಮುಚ್ಚಳಕ್ಕೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ ಹಚ್ಚಿದಳು. ಅಡುಗೆ ಹಳಸುವಾಗ ಬಿಡುವ ಆವಿಯನ್ನು ಆ ಪೊರೆ ಹೀರಿಕೊಂಡು ಉಬ್ಬುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡಾಡುತ್ತದಲ್ಲ, ಅಲ್ಲಿ ಯಾರೂ ಬಣ್ಣ ಬಳಿದಿರುವುದಿಲ್ಲ, ಗುಳ್ಳೆಯ ದಪ್ಪ ಬದಲಾದ ಹಾಗೆ ಬಣ್ಣ ಬದಲಾಗುತ್ತದೆ. ಇಲ್ಲಿಯೂ ಅದೇ. ಪೊರೆ ಉಬ್ಬಿದಷ್ಟೂ ಹಸಿರು ಹಳದಿಗೆ ತಿರುಗುತ್ತದೆ, ಹಳದಿ ಕೆಂಪಿಗೆ. ಬ್ಯಾಟರಿ ಬೇಡ, ವೈರು ಬೇಡ. ತೊಳೆದು ಬಿಸಿಲಿಗಿಟ್ಟರೆ ಮತ್ತೆ ಹಸಿರು.

ಯಾವ ಹಸಿರು, ಯಾವ ಕೆಂಪು ಅನ್ನುವುದು ನನ್ನ ತಲೆನೋವಾಗಿತ್ತು. ಹಸಿರು ಅಂದರೆ ಒಂದೇ ಅಂತ ತಿಳಿದವರ ಜೊತೆ ನನಗೆ ಜಗಳವಾಗುತ್ತದೆ. ಮೊದಲು ಇಟ್ಟ ಹಸಿರನ್ನು ನೋಡಿದವರು ಔಷಧಿ ಅಂಗಡಿ ನೆನಪಾಗುತ್ತದೆ ಅಂದರು. ಎರಡನೆಯದು ಬೇಕರಿಯ ಬಣ್ಣದ ಹಾಗೆ ಕಂಡಿತು. ಕೊನೆಗೆ ಎಳೆ ಬಾಳೆಲೆಯನ್ನು ಬಿಸಿಲಿಗೆ ಹಿಡಿದು ನೋಡಿ ಅದರ ಹಸಿರನ್ನು ಹಿಡಿದೆ. ಅದನ್ನು ಕಂಡ ಕೂಡಲೇ ನಮ್ಮವರ ಕೈ ತಾನಾಗಿ ಮುಂದೆ ಹೋಗುತ್ತದೆ, ಯಾಕೆಂದರೆ ಆ ಬಣ್ಣದ ಮುಂದೆ ಕೂತಾಗಲೆಲ್ಲ ಊಟ ಬಂದಿದೆ. ಕೆಂಪು ಇನ್ನೂ ಕಾಡಿಸಿತು. ಹೊರದೇಶದ ಪುಸ್ತಕ ನೋಡಿ ಕಣ್ಣಿಗೆ ಹೊಡೆಯುವ ಕೆಂಪು ಇಟ್ಟಿದ್ದೆವು. ಪರೀಕ್ಷೆಗೆ ಕರೆದ ಹೆಂಗಸರು ಒಬ್ಬರಾದ ಮೇಲೊಬ್ಬರು ಸಂತೋಷದಿಂದ ಮುಚ್ಚಳ ತೆಗೆದರು. "ಕುಂಕುಮದ ಬಣ್ಣ, ಎಷ್ಟು ಲಕ್ಷಣವಾಗಿದೆ" ಅಂದರು. ಕುಂಕುಮ ಕಂಡರೆ ನಮ್ಮ ಕೈ ಹಿಂದೆ ಸರಿಯುವುದಿಲ್ಲ, ಹಣೆಗೆ ಹೋಗುತ್ತದೆ. ಆಮೇಲೆ ಅದಕ್ಕೆ ಬೂದಿ ಬೆರೆಸಿ, ಗಾಯ ಒಣಗಿದ ಹಾಗಿನ ಒಂದು ಕೆಂಪು ಮಾಡಿದೆ. ಆಗ ಕೈ ಹಿಂದೆ ಸರಿಯಿತು.

ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದ ನಾವು ಮೊದಲ ವರ್ಷವೇ ಊರಿನ ಮುಂದೆ ನಗೆಪಾಟಲಾದೆವು. ಇಡ್ಲಿ ಹಿಟ್ಟು ಹುಳಿಯಾಗುತ್ತದೆ ಎಂಬುದನ್ನು ಮರೆತಿದ್ದೆವು. ಹಾಲು, ಪಲ್ಯ, ಮಾಂಸ ಎಲ್ಲ ಪರೀಕ್ಷೆಯಾಗಿತ್ತು, ದಿನಾ ಬೆಳಿಗ್ಗೆ ಇಡ್ಲಿ ತಿಂದು ಲ್ಯಾಬಿಗೆ ಬರುವ ನಮಗೆ ಹಿಟ್ಟೊಂದು ಹೊಳೆದಿರಲಿಲ್ಲ. ಡಬ್ಬಿ ಮಾರಾಟಕ್ಕೆ ಬಂದ ಮಾರನೆಯ ಬೆಳಿಗ್ಗೆ ಊರಿನ ಹಿಟ್ಟೆಲ್ಲ ಕೆಂಪು. ಜನ ಹೆದರಿ ಚೆಲ್ಲಿದರು. ಚರಂಡಿಯಲ್ಲಿ ಬೆಳ್ಳಗೆ ನೊರೆ ಹರಿಯಿತು. ಅವ್ವ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು ನಕ್ಕಿದ್ದಳು. "ನಿಮ್ ಮುಚ್ಚಳಕ್ಕೆ ಹುಳಿ ಬಂದ್ರೆ ಕೆಟ್ಟಂಗೆ, ನಂಗೆ ಹುಳಿ ಬರ್ದಿದ್ರೆ ಕೆಟ್ಟಂಗೆ" ಅಂದಿದ್ದಳು.

ಅದಕ್ಕೇ ಹಿಟ್ಟಿನ ಮುಚ್ಚಳ ಬೇರೆ ಬಂತು. ಅದರ ಪೊರೆಗೆ ಹುಳಿಯ ಆವಿ ತಟ್ಟುವುದೇ ಇಲ್ಲ. ಅದಕ್ಕೆ ಪೂರ್ತಿ ಬೇರೆ ಬಣ್ಣ, ಬೇರೆ ಆಕಾರ ಬೇಕು ಎಂದು ನಾನು ಹಟ ಹಿಡಿದೆ. ನಮ್ಮ ಮ್ಯಾನೇಜರ್ ವಾದಿರಾಜ್ ಒಪ್ಪಲಿಲ್ಲ. ಅಂಗಡಿಯ ಕಪಾಟಿನಲ್ಲಿ ಎಲ್ಲ ಒಂದೇ ಥರ ಕಾಣಬೇಕು, ಅಚ್ಚು ಒಂದೇ ಇರಬೇಕು ಅಂದರು. ಕೊನೆಗೆ ಹಿಟ್ಟಿನ ಮುಚ್ಚಳಕ್ಕೆ ದಾರದಷ್ಟು ತೆಳ್ಳಗಿನ ಒಂದು ನೀಲಿ ಅಂಚು ಬಂತು. ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ.

*

ಅವ್ವನ ಗುಟ್ಟು ನನಗೆ ಗೊತ್ತಾದದ್ದು ಒಂದು ಭಾನುವಾರ. ಹೋಟ್ಲಿನ ಹಿಂದಿನ ಅಡುಗೆಮನೆಗೆ ಹೋದರೆ ಹಾಲು ಉಕ್ಕಿ, ತಳ ಹಿಡಿದು, ಸೀದ ವಾಸನೆ ಮೂಗಿಗೆ ಅಡರುತ್ತಿತ್ತು. ಅವ್ವ ಪಕ್ಕದಲ್ಲೇ ಒಲೆಗೆ ಬೆನ್ನು ಮಾಡಿ ನಿಂತು ತೆಂಗಿನಕಾಯಿ ತುರಿಯುತ್ತಿದ್ದಳು. ಯಾವುದೋ ಹಳೆಯ ಪದ ಗುನುಗುತ್ತಿದ್ದಳು.

"ಅವ್ವ, ಹಾಲು."

ತಿರುಗಿ ನೋಡಿದವಳ ಮುಖ ಬಿಳಚಿಕೊಂಡಿತು. ಒಲೆ ಆರಿಸಿದಳು. "ಏನೋ ಯೋಚ್ನೇಲಿದ್ದೆ" ಅಂದಳು.

ಅವ್ವ ಸುಳ್ಳು ಹೇಳುವಾಗ ಸೆರಗಿನ ತುದಿಗೆ ಕೈ ಹೋಗುತ್ತದೆ, ಆಗಲೂ ಹೋಯಿತು. ನಾನು ಹತ್ತಿರ ಹೋಗಿ, ಪಕ್ಕದಲ್ಲಿದ್ದ ಬೆಳ್ಳುಳ್ಳಿಯನ್ನು ಜಜ್ಜಿ, ಅವಳ ಕಣ್ಣು ಮುಚ್ಚಿ ಮೂಗಿಗೆ ಹಿಡಿದೆ. "ಇದೇನು ಹೇಳು."

ಅವಳು ಎರಡು ಸಲ ಉಸಿರೆಳೆದು ನೋಡಿದಳು. ಆಮೇಲೆ ನನ್ನ ಕೈ ತಳ್ಳಿದಳು. "ಹೋದ್ವರ್ಷ ಜ್ವರ ಬಂದಿತ್ತಲ್ಲ ದಾಕ್ಷಿ, ಅವಾಗ್ಲೇ ಹೋಯ್ತು. ಡಾಕ್ಟ್ರು ಬತ್ತದೆ ಅಂದ್ರು. ಬರ್ಲಿಲ್ಲ."

ಇದು ಬೇರೆ ಯಾರಿಗಾದರೂ ಆಗಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಅವ್ವ ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ಲಿಂಗಕ್ಕೆ ತೋರಿಸದೆ ಬಾಯಿಗಿಡಬಾರದು, ಗಿರಾಕಿಗೆ ಮಾಡಿದ್ದನ್ನು ಎಂಜಲು ಮಾಡಬಾರದು ಎಂದು ಅವಳ ಅತ್ತೆ ಕಲಿಸಿದ್ದು. ಉಪ್ಪು, ಖಾರ, ಹುಳಿ, ಹದ ಎಲ್ಲವನ್ನೂ ಆವಿಯ ಮೇಲೆ ಮುಖ ಬಗ್ಗಿಸಿ ಮೂಗಿನಲ್ಲೇ ಅಳೆಯುತ್ತಿದ್ದಳು. ಗಿರಾಕಿಗಳೆಲ್ಲ ಹೋದ ಮೇಲೆ ಅವಳ ಊಟ ಬೇರೆ, ಮುದ್ದೆ ಮತ್ತು ಸಾರು. ತನ್ನ ಹೋಟ್ಲಿನ ಚಟ್ನಿಯ ರುಚಿ ಅವಳಿಗೆ ನಾಲಿಗೆಯಿಂದ ಗೊತ್ತೇ ಇರಲಿಲ್ಲ.

"ಮತ್ತೆ ಈ ಒಂದ್ ವರ್ಷ ಹೆಂಗೆ ನಡೆಸ್ದೆ?"

"ನಿನ್ ಮುಚ್ಚಳ ಐತಲ್ಲ." ಎಷ್ಟು ಸಹಜವಾಗಿ ಹೇಳಿದಳೆಂದರೆ ನನಗೆ ಅಳು ಬಂತು. "ನೀನೇ ಮಾಡ್ಕೊಟ್ಟಿದ್ದು ತಾನೆ? ಹಸ್ರು ಇದ್ರೆ ಹಾಕ್ತೀನಿ, ಇಲ್ದಿದ್ರೆ ಚೆಲ್ತೀನಿ. ಕೈ ಅಳತೇಲಿ ಉಪ್ಪಾಕ್ತೀನಿ. ಯಾರಿಗೂ ಹೇಳ್ಬ್ಯಾಡ ಕಣೆ. ವಾಸ್ನೆ ಬರ್ದೇ ಇರೋಳ ಹೋಟ್ಲು ಅಂತ ಗೊತ್ತಾದ್ರೆ ಯಾರ್ ಬತ್ತಾರೆ? ನಂಗೆ ಇದ್ ಬಿಟ್ರೆ ಬ್ಯಾರೆ ಏನ್ ಬತ್ತದೆ?"

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಾನು ಮಾಡಿದ ಬಣ್ಣ ನಮ್ಮವ್ವನ ಮೂಗಾಗಿದೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಇಷ್ಟು ವರ್ಷದ ಕೆಲಸಕ್ಕೆ ಅರ್ಥ ಬಂತು ಅನ್ನಿಸಿತು. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ.

*

ಆ ವಾರವೇ ನಾಜಿಯಾ ಲ್ಯಾಬಿಗೆ ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ಎಳೆ ಬಾಳೆಲೆಯ ಹಸಿರು, ನೋಡಲು ಚೆನ್ನಾಗಿಯೇ ಇತ್ತು.

"ತೆಗಿ" ಅಂದಳು.

ತೆಗೆದೆ. ಒಳಗೆ ಹಾಲಿನ ಖೀರು. ಹುಳಿ ನಾತ ಎದ್ದು ಬಂತು. ನಾನು ಮುಖ ತಿರುಗಿಸಿಕೊಂಡು ಮತ್ತೆ ಮುಚ್ಚಳ ನೋಡಿದೆ. ಹಸಿರು.

"ನನ್ನ ತಮ್ಮ ನೆನ್ನೆ ಇದನ್ನ ತಿಂದು ಬೆಳಗಾಗೋ ತನಕ ವಾಂತಿ ಮಾಡಿದ. ಕೆಟ್ಟ ವಾಸನೆ ಬರ್ತಿದೆ ಅಂತ ಅವನೇ ಹೇಳಿದ್ನಂತೆ. ಮುಚ್ಚಳ ಹಸಿರಿದೆ, ಸುಮ್ನೆ ತಿನ್ನು ಅಂತ ಅಮ್ಮಿ ಬೈದು ತಿನ್ನಿಸಿದ್ದಾರೆ." ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಸಣ್ಣ ನೀಲಿ ದಾರ. "ಹಿಟ್ಟಿನ ಮುಚ್ಚಳ. ಪಾತ್ರೆ ತೊಳೆಯುವಾಗ ಅದಲು ಬದಲಾಗಿದೆ. ಅಮ್ಮಿಗೆ ನೀಲಿ ಅಂಚು ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾವ ಡಬ್ಬಿಯೂ ತನ್ನ ಮುಚ್ಚಳದ ಜೊತೆಯಲ್ಲೇ ಬಾಳಿದ ಮನೆ ನಮ್ಮೂರಿನಲ್ಲಿದೆಯೇ? ಐಸ್‌ಕ್ರೀಮ್ ಡಬ್ಬಿಯಲ್ಲಿ ಕರಿಬೇವು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು. ಸಿಕ್ಕಿದ ಮುಚ್ಚಳ ಕೂತರೆ ಸಾಕು, ಅದೇ ಅದರ ಮುಚ್ಚಳ. ಇದೆಲ್ಲ ನಮ್ಮ ಮನೆಗಳಲ್ಲೇ ನಡೆಯುತ್ತದೆ. ಎಲ್ಲ ಮುಚ್ಚಳವೂ ಎಲ್ಲ ಡಬ್ಬಿಗೂ ಕೂರುವ ಹಾಗೆ ಮಾಡಿ, ಅದನ್ನು ಅನುಕೂಲ ಎಂದು ಜಾಹೀರಾತು ಕೊಟ್ಟವರು ನಾವೇ.

ವಾದಿರಾಜ್ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು, ಅವಸರದ ಮನುಷ್ಯರು. "ಈಗ ವಾಪಸ್ ತರಿಸಿಕೊಂಡರೆ ಹಸಿರು ಅನ್ನೋದರ ಮೇಲೆ ಜನಕ್ಕೆ ನಂಬಿಕೆಯೇ ಹೋಗುತ್ತದೆ. ಕಂಪನಿ ಎದ್ದೇಳಲ್ಲ. ಒಂದು ಕೆಲಸ ಮಾಡೋಣ. ಮುಂದಿನ ಮುಚ್ಚಳಗಳಲ್ಲಿ ಕೆಂಪು ಬೇಗ ಬರೋ ಹಾಗೆ ಪೊರೆ ಬದಲಾಯಿಸಿ. ಒಳ್ಳೇದನ್ನ ನಾಲ್ಕು ಜನ ಚೆಲ್ಲಿದರೆ ಯಾರಿಗೂ ಏನೂ ಆಗಲ್ಲ. ಹಳೆಯವು ನಿಧಾನವಾಗಿ ಸವೆದು ಹೋಗುತ್ತವೆ."

"ಹಳೆಯವು ಸವೆಯೋ ತನಕ?" ನಾಜಿಯಾ ಕೇಳಿದಳು.

"ಇಲ್ಲಿ ತನಕ ದೊಡ್ಡದೇನೂ ಆಗಿಲ್ಲ, ಇನ್ನು ಮುಂದೆಯೂ ಆಗಲ್ಲ. ನೀವೇನು ಹೇಳ್ತೀರಿ ದಾಕ್ಷಾಯಿಣಿಯವರೇ?"

ಎಲ್ಲ ಮುಚ್ಚಳವನ್ನೂ ವಾಪಸ್ ತರಿಸಿ ಎಂದು ಹೇಳಬೇಕಿತ್ತು. ಹಾಗೆ ಹೇಳಿದರೆ ಅವ್ವನ ಕೌಂಟರಿನಿಂದಲೂ ಮುಚ್ಚಳ ಹೋಗುತ್ತದೆ. ಹಸಿರಿಲ್ಲದೆ ಅವಳು ಒಂದು ದಿನ ಹೋಟ್ಲು ನಡೆಸಲಾರಳು. "ಯೋಚನೆ ಮಾಡಿ ಹೇಳ್ತೀನಿ" ಅಂದುಬಿಟ್ಟೆ. ನಾಜಿಯಾ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಹೊರಗೆ ಬಂದ ಮೇಲೆ ಅವಳು ನನ್ನ ಜೊತೆ ಚಹಾ ಕುಡಿಯಲು ಬರಲಿಲ್ಲ.

ಮನೆಗೆ ಹೋದರೂ ಕೂತಲ್ಲಿ ಕೂರಲಾಗಲಿಲ್ಲ. ಫ್ರಿಜ್ಜು ತೆಗೆದು ನನ್ನ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಬಣ್ಣ ಆರಿಸಿದವಳ ಮನೆಯಲ್ಲೇ ಪಲ್ಯದ ಮೇಲೆ ನೀಲಿ ಅಂಚು ಕೂತಿತ್ತು. ಬೆಳಿಗ್ಗೆ ಬೇಗ ಹೋಗಿ ಅವ್ವನ ಹೋಟ್ಲಿನ ನೀಲಿ ಅಂಚುಗಳನ್ನೆಲ್ಲ ಆರಿಸಿ ತೆಗೆದುಬಿಡುವುದು, ಅವಳೊಬ್ಬಳನ್ನು ಕಾಪಾಡಿಕೊಂಡು ಬಾಕಿಯದನ್ನು ಆಮೇಲೆ ನೋಡುವುದು ಎಂದು ಲೆಕ್ಕ ಹಾಕಿದೆ. ನಾಚಿಕೆಗೆಟ್ಟ ಲೆಕ್ಕ ಎಂದು ಗೊತ್ತಿತ್ತು. ಆದರೂ ಹಾಕಿದೆ.

*

ಬಸ್ಸು ರೈಲ್ವೆ ಗೇಟಿನ ಹತ್ತಿರ ನಿಂತು ನಿಂತು ಬಂತು. ನಾನು ಹೋಟ್ಲು ಮುಟ್ಟುವ ಹೊತ್ತಿಗೆ ಬೆಂಚು ತುಂಬಿತ್ತು. ಹಿತ್ತಲಿನಲ್ಲಿ ಮುಚ್ಚಳಗಳೆಲ್ಲ ಒಂದೇ ಟಬ್ಬಿನಲ್ಲಿ ತೇಲುತ್ತಿದ್ದವು, ನೀಲಿ ಅಂಚಿನದು, ಅಂಚಿಲ್ಲದ್ದು ಎಲ್ಲ ಬೆರೆತು.

ಒಳಗೆ ಬೆಂಚಿನ ತುದಿಯಲ್ಲಿ ಬಸುರಿ ಹುಡುಗಿಯೊಬ್ಬಳು ಅತ್ತೆಯ ಪಕ್ಕ ಕೂತಿದ್ದಳು. ಅವಳು ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದ್ದಳು.

"ಯಾಕೋ ವಾಸ್ನೆ ಬತ್ತದೆ ಅತ್ತೆ."

"ಬಸುರೀಲಿ ಎಲ್ಲಾರ್ಗೂ ಹಂಗೇ ಅನ್ಸೋದು. ಅಲ್ನೋಡು, ಮುಚ್ಚಳ ಹಸ್ರೈತೆ. ಸುಮ್ಕೆ ತಿನ್ನು, ಮಗೀಗೆ ಬೇಕು" ಎಂದು ಅತ್ತೆ ತಾವೇ ಒಂದು ತುಂಡು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದರು.

ನಾನು ಕೌಂಟರಿನತ್ತ ನೋಡಿದೆ. ಚಟ್ನಿಯ ಡಬ್ಬಿಗೆ ಒರಗಿಸಿಟ್ಟಿದ್ದ ಮುಚ್ಚಳದ ಅಂಚಿನಲ್ಲಿ ನೀಲಿ ದಾರ. ಓಡಿಹೋಗಿ ಡಬ್ಬಿಗೆ ಮುಖ ಹಾಕಿದೆ. ಕಾಯಿ ಹಳಸಿದ ನಾತ ಗಂಟಲಿಗೇ ಇಳಿಯಿತು. ಮೊದಲೆಲ್ಲ ಅವ್ವ ಸಂಜೆ ಉಳಿದ ಚಟ್ನಿಯನ್ನು ಚೆಲ್ಲುತ್ತಿದ್ದಳು. ಮುಚ್ಚಳ ಬಂದ ಮೇಲೆ ಹಸಿರಿರುವುದನ್ನು ಚೆಲ್ಲಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ, ಹೊಸದರ ಜೊತೆ ಸೇರಿಸುತ್ತಿದ್ದಳು. ನಾನು ತಿರುಗಿ ಆ ಹುಡುಗಿಯ ಬಾಯಿಯ ಹತ್ತಿರವಿದ್ದ ಕೈಯನ್ನು ಹಿಡಿದುಬಿಟ್ಟೆ. ಇಡ್ಲಿ ಕೆಳಗೆ ಬಿತ್ತು.

"ಯಾರೂ ಚಟ್ನಿ ತಿನ್ಬೇಡಿ. ಕೆಟ್ಟಿದೆ."

ಎಲ್ಲರೂ ತಲೆ ತಿರುಗಿಸಿ ಮುಚ್ಚಳ ನೋಡಿದರು.

"ಹಸ್ರೈತಲ್ಲಮ್ಮ" ಅಂದರು ಗುರುಬಸಯ್ಯನವರು.

"ಮುಚ್ಚಳ ತಪ್ಪಾಗಿದೆ. ನೀವೇ ಮೂಸಿ ನೋಡಿ."

ಅವರ ಮುಂದೆ ಡಬ್ಬಿ ಹಿಡಿದೆ. ಅವರು ಮೂಸಿದರು. ಮುಖ ಸ್ವಲ್ಪ ಸಿಂಡರಿಸಿತು. ಕಣ್ಣು ಮತ್ತೆ ಮುಚ್ಚಳಕ್ಕೆ ಹೋಯಿತು. "ಬತ್ತದೋ ಇಲ್ವೋ ಗೊತ್ತಾಗ್ತಿಲ್ಲ ಕಣಮ್ಮ. ಹಸ್ರಂತೂ ಐತೆ" ಅಂದರು. ಪಕ್ಕದವನು ಮೂಸಿ, ನನಗೇನೋ ಅನುಮಾನ ಅಂದ, ಆದರೆ ಅವನೂ ಗಟ್ಟಿಯಾಗಿ ಹೇಳಲಿಲ್ಲ. ಅಷ್ಟು ಜನ, ಅಷ್ಟು ಮೂಗು, ಒಂದೂ ತನ್ನ ಮಾತಿಗೆ ತಾನು ನಿಲ್ಲಲಿಲ್ಲ. ನಾನು ಆರಿಸಿದ ಹಸಿರು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವತ್ತು ತಿಳಿದು ನನಗೆ ಭಯವಾಯಿತು.

ಅವ್ವ ಒಲೆಯ ಹತ್ತಿರದಿಂದ ಬಂದಳು. ಕೆನ್ನೆ ಕೆಂಪೇರಿತ್ತು. "ಏನೇ ಇದು ದಾಕ್ಷಿ? ತುಂಬಿದ್ ಹೋಟ್ಲಾಗೆ ಮಾನ ಕಳೀತೀಯಲ್ಲ. ಹಸ್ರು ಕಾಣ್ತಿಲ್ವಾ ನಿಂಗೆ? ನೀನೇ ತಾನೆ ಮಾಡಿದ್ದು?"

ನಿನಗೆ ವಾಸನೆ ಗೊತ್ತಾಗುತ್ತಿಲ್ಲ ಎಂದು ಎಲ್ಲರೆದುರಿಗೆ ಹೇಳಿದರೆ ಅವಳ ಗುಟ್ಟು ಬಯಲಾಗುತ್ತದೆ, ಹೇಳದಿದ್ದರೆ ಡಬ್ಬಿ ಅಲ್ಲೇ ಉಳಿಯುತ್ತದೆ. ಅವ್ವನ ಕಣ್ಣನ್ನೇ ನೋಡಿ, ಇಲ್ಲ ಎಂದು ತಲೆ ಆಡಿಸಿದೆ, ಅಷ್ಟೆ.

ಅವಳು ನನ್ನನ್ನು ನೋಡಿದಳು. ಆ ಬಸುರಿ ಹುಡುಗಿಯನ್ನು ನೋಡಿದಳು. ಆಮೇಲೆ ನಾನು ಹುಟ್ಟಿದಾಗಿನಿಂದ ಒಂದು ಸಲವೂ ನೋಡದ ಕೆಲಸ ಮಾಡಿದಳು. ಸೌಟಿನಿಂದ ಅಂಗೈಗೆ ಚಟ್ನಿ ಹಾಕಿಕೊಂಡು, ಒಲೆಯ ಮುಂದೆ, ಗಿರಾಕಿಗಳ ಎದುರಿಗೇ ಬಾಯಿಗೆ ಹಾಕಿಕೊಂಡಳು. ನಾಲಿಗೆಗೆ ಹುಳಿ ಗೊತ್ತಾಗುತ್ತದೆ, ಅದಕ್ಕೆ ಮೂಗು ಬೇಕಿಲ್ಲ. ಅವಳ ಮುಖ ಮುದುಡಿತು. ಹೊರಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿ ಬಂದಳು.

"ಕೆಟ್ಟೈತೆ" ಅಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮುಚ್ಚಳ ಹಸ್ರು ತೋರ್ಸಿದ್ರೂ ಕೆಟ್ಟೈತೆ. ನಂಗೆ ವಾಸ್ನೆ ಬರಾಕಿಲ್ಲ. ಒಂದ್ ವರ್ಷ ಆಯ್ತು. ಮುಚ್ಚಳ ನೋಡ್ಕಂಡು ನಿಮ್ಗೆಲ್ಲ ಹಾಕ್ತಿದ್ದೆ. ಇವತ್ತಿನ್ ಕಾಸು ಯಾರೂ ಕೊಡ್ಬ್ಯಾಡಿ. ಎದ್ದೋಗಿ."

ಎದ್ದು ಹೋದರು. ಕೆಲವರು ಏನೋ ಗೊಣಗುತ್ತಾ, ಕೆಲವರು ತಲೆ ತಗ್ಗಿಸಿಕೊಂಡು. ಬಸುರಿ ಹುಡುಗಿ ಬಾಗಿಲಲ್ಲಿ ನಿಂತು ಅವ್ವನತ್ತ ತಿರುಗಿ ನೋಡಿದಳು, ಅತ್ತೆ ಕೈ ಎಳೆದುಕೊಂಡು ಹೋದರು. ಅವ್ವ ಖಾಲಿ ಬೆಂಚಿನ ಮೇಲೆ ಕೂತಳು. ನಾನು ಅವಳ ಪಕ್ಕ ಕೂತೆ. ನನ್ನನ್ನು ಬೈಯಲಿ ಎಂದು ಕಾದೆ, ಅವಳು ಬೈಯಲಿಲ್ಲ.

*

ಆ ಡಬ್ಬಿಯನ್ನೇ ಎತ್ತಿಕೊಂಡು ಕಂಪನಿಗೆ ಹೋದೆ. ಮೊದಲು ನಾಜಿಯಾಳನ್ನು ಕರೆದೆ. ನನ್ನ ಮುಖ ನೋಡಿಯೇ ಅವಳು ಏನೂ ಕೇಳದೆ ಜೊತೆಗೆ ಬಂದಳು. ಕಿಟಕಿ ಮುಚ್ಚಿದ ಎಸಿ ರೂಮಿನಲ್ಲಿ ವಾದಿರಾಜ್ ಮುಂದೆ ಡಬ್ಬಿ ಇಟ್ಟು ಮುಚ್ಚಳ ಸ್ವಲ್ಪ ಸರಿಸಿದೆ.

"ಇದು ಹೇಗಿದೆ ಹೇಳಿ ಸರ್."

"ಚೆನ್ನಾಗೇ ಇದೆಯಲ್ಲ, ಹಸಿರು."

ನಾತ ನಿಧಾನವಾಗಿ ರೂಮು ತುಂಬಿತು. ಅವರು ಮೂಗು ಉಜ್ಜಿಕೊಂಡರು. ಎಸಿಯತ್ತ ನೋಡಿದರು. "ಇಲ್ಲಿ ಇಲಿ ಗಿಲಿ ಏನಾದರೂ ಸತ್ತಿದೆಯಾ?" ಎಂದು ಕೇಳಿ ಮೇಜಿನ ಕೆಳಗೆ ಬಗ್ಗಿದರು. ನಾಜಿಯಾ ಬೇಕೆಂದೇ ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ. ಅವರು ಮೇಲೆ ಎದ್ದರು, ಡಬ್ಬಿ ನೋಡಿದರು, ಮುಚ್ಚಳ ನೋಡಿದರು, ಮತ್ತೆ ನಮ್ಮಿಬ್ಬರ ಮುಖ ನೋಡಿದರು. ಅವರ ಮುಖದಿಂದ ಅವಸರ ಇಳಿದುಹೋಯಿತು.

"ಒಬ್ಬ ಬಸುರಿ ಹೆಂಗಸಿನ ಬಾಯಿಗೆ ಇದನ್ನ ತುರುಕ್ತಿದ್ದರು ಸರ್" ಅಂದೆ. "ಕೆಟ್ಟ ವಾಸನೆ ಅಂತ ಅವಳೊಬ್ಬಳೇ ಹೇಳ್ತಿದ್ದಳು. ಅವಳ ಮೂಗು ಸುಳ್ಳು, ನಮ್ಮ ಬಣ್ಣ ನಿಜ ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ನಮ್ಮಮ್ಮ ಆ ಮುಚ್ಚಳ ನಂಬಿಕೊಂಡೇ ಬದುಕ್ತಿದ್ದಾಳೆ. ಆದರೂ ವಾಪಸ್ ತರಿಸಿ ಅಂತಿದ್ದೀನಿ."

ವಾಪಸ್ ತರಿಸಿದರು. ಸುಲಭವಾಗಿ ಏನಲ್ಲ, ಜಗಳವಾಯಿತು, ಮೇಲಿನವರ ಫೋನು ಬಂತು, ನಾಜಿಯಾ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೇ ಓಡಾಡಿದಳು. ಕಡೆಗೆ ಊರಿನ ಮುಚ್ಚಳವೆಲ್ಲ ಗೋಣಿ ಗೋಣಿಯಾಗಿ ಕಂಪನಿಗೆ ಬಂದು ಬಿತ್ತು. ಅಷ್ಟು ಹಸಿರನ್ನು ಒಟ್ಟಿಗೆ ನೋಡಲಾಗದೆ ಗೋಣಿಗಳ ಬಾಯಿ ಕಟ್ಟಿಬಿಟ್ಟೆ. ಹೊಸ ಅಚ್ಚು ಬಂತು: ಹಿಟ್ಟಿನ ಡಬ್ಬಿ ಚೌಕ, ಅದರ ಮುಚ್ಚಳ ಬೇರೆ ಯಾವುದಕ್ಕೂ ಕೂರುವುದಿಲ್ಲ. ಅಷ್ಟರೊಳಗೆ ಜನ ತಬ್ಬಿಬ್ಬಾಗಿದ್ದರು. ಅರ್ಧ ಊರು ಎಲ್ಲವನ್ನೂ ಚೆಲ್ಲುತ್ತಿತ್ತು, ಇನ್ನರ್ಧ ಊರು ಪಕ್ಕದ ಮನೆಯವರನ್ನು ಕರೆದು, ಸ್ವಲ್ಪ ಮೂಸಿ ನೋಡ್ರೀ ಎಂದು ಕೇಳುತ್ತಿತ್ತು.

ಅವ್ವ ಹೋಟ್ಲು ಮುಚ್ಚಿದ್ದಳು. ನಾನೇ ಬೆಳಿಗ್ಗೆ ಬಂದು ಮೂಸಿ ಹೋಗುತ್ತೇನೆ ಅಂದೆ. "ನಿನ್ ಕೆಲ್ಸ ನೀನ್ ಮಾಡು" ಅಂದಳು. ಹೊಸ ಮುಚ್ಚಳ ತಂದುಕೊಟ್ಟರೆ ಮೂಲೆಗಿಟ್ಟಳು. ಹಾಗೇ ಇದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಫೋನು ಮಾಡಿ, "ನಾಳೆ ಬಾಗ್ಲು ತೆಗೀತೀನಿ, ಬಾ" ಅಂದಳು.

ಹೋದೆ. ಹಬೆ ಎದ್ದಿತ್ತು, ಕಾಯಿ ತುರಿದಿತ್ತು. ಗಿರಾಕಿಗಳು ಮೊದಲಿನಷ್ಟಿರಲಿಲ್ಲ, ಆದರೂ ಬಂದಿದ್ದರು. ಗುರುಬಸಯ್ಯನವರಿದ್ದರು. ಆ ಬಸುರಿ ಹುಡುಗಿಯೂ ಬಂದಿದ್ದಳು, ಈ ಸಲ ಅತ್ತೆಯಿಲ್ಲದೆ. ಎಲ್ಲರೂ ಅಭ್ಯಾಸ ಬಲದಿಂದ ಕೌಂಟರಿನ ಹಿಂದೆ ನೋಡಿದರು. ಅಲ್ಲಿ ಸ್ಟೀಲಿನ ಪಾತ್ರೆ, ಅದರ ಮೇಲೆ ಸ್ಟೀಲಿನ ತಟ್ಟೆ ಮುಚ್ಚಿತ್ತು. ಯಾವ ಬಣ್ಣವೂ ಇರಲಿಲ್ಲ. ಜನ ಕೂರಲೋ ಬೇಡವೋ ಎಂದು ನಿಂತಿದ್ದರು.

ಅವ್ವ ಒಂದು ತಟ್ಟೆಗೆ ಇಡ್ಲಿ ಹಾಕಿದಳು, ಬೆಣ್ಣೆ, ಚಟ್ನಿ ಹಾಕಿದಳು. ಒಳಗೆ ಹೋಗಿ ಲಿಂಗಕ್ಕೆ ತೋರಿಸಿ ಬಂದಳು. ಆಮೇಲೆ ಗಿರಾಕಿಗಳ ಬೆಂಚಿನ ನಟ್ಟನಡುವೆ ಬಂದು ಕೂತಳು. ಗಂಡ ಉಂಡ ಮೇಲೆ, ಮಕ್ಕಳು ಉಂಡ ಮೇಲೆ, ಊರೆಲ್ಲ ಉಂಡು ಹೋದ ಮೇಲೆ ಒಲೆಯ ಮೂಲೆಯಲ್ಲಿ ಕೂತು ಉಂಡವಳು. ಈಗ ಎಲ್ಲರೂ ನಿಂತಿದ್ದಾರೆ, ಅವಳೊಬ್ಬಳೇ ಕೂತು ತಿನ್ನಬೇಕು. ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಮತ್ತೆ ದೂರ ಸರಿಸಿದಳು. ಹೋಗಿ ಪಕ್ಕದಲ್ಲಿ ಕೂರೋಣ ಅನ್ನಿಸಿತು, ಆದರೂ ತಡೆದುಕೊಂಡೆ.

"ಇನ್ಮ್ಯಾಕೆ ದಿನಾ ಹಿಂಗೆ" ಅಂದಳು ಯಾರನ್ನೂ ನೋಡದೆ. "ಮೊದ್ಲು ನಾನ್ ತಿಂತೀನಿ. ಆಮ್ಯಾಕೆ ನಿಮ್ಗೆ."

ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಳು. ಮುಚ್ಚಳ ನೋಡುತ್ತಿದ್ದ ಕಣ್ಣುಗಳೆಲ್ಲ ಅವಳ ಮುಖ ನೋಡುತ್ತಿದ್ದವು. ನಾನೂ ನೋಡುತ್ತಿದ್ದೆ. ಅವಳು ಅಗಿದಳು. ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು. ಮತ್ತೊಂದು ತುತ್ತು ಹಾಕಿಕೊಂಡು ಇನ್ನೂ ನಿಧಾನವಾಗಿ ಅಗಿದಳು. ಬಾಗಿಲ ಹತ್ತಿರ ನಿಂತಿದ್ದವನು ಮೆಲ್ಲಗೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ಥೂ, ಉಪ್ಪೇ ಇಲ್ಲ" ಅಂದಳು ಅವ್ವ.

ಗುರುಬಸಯ್ಯನವರು ಗಂಟಲು ಸರಿಮಾಡಿಕೊಂಡು, "ವರ್ಷದಿಂದ ಹಂಗೇ ಐತೆ ಕಣಮ್ಮ" ಅಂದರು.

"ಮತ್ಯಾಕೆ ಹೇಳ್ಲಿಲ್ಲ ನೀವು?"

"ಹಸ್ರಿತ್ತಲ್ಲ." ಅವರು ನೆಲ ನೋಡುತ್ತಾ ಹೇಳಿದರು. "ನನ್ ನಾಲ್ಗೇನೇ ಹೋಯ್ತೇನೋ ಅನ್ಕಂಡೆ. ವಯಸ್ಸಾಯ್ತು ನೋಡು. ಮನೇಲೂ ಯಾರ್ಗೂ ಹೇಳ್ಲಿಲ್ಲ."

"ನಾನೂ ಹಂಗೇ ಅನ್ಕಂಡಿದ್ದೆ" ಅಂದ ಬಾಗಿಲ ಹತ್ತಿರದವನು, ಚಪ್ಪಲಿಯಿಂದ ಕಾಲು ಹಿಂದಕ್ಕೆ ತೆಗೆಯುತ್ತಾ. ಅವ್ವ ನನ್ನ ಕಡೆ ತಿರುಗಿದಳು. ನನಗೆ ಅವಳ ಕಣ್ಣು ನೋಡಲಾಗಲಿಲ್ಲ. ನಾನೂ ಅದೇ ಚಟ್ನಿ ತಿಂದು, ನನ್ನ ಬಾಯೇ ಕೆಟ್ಟಿದೆ ಎಂದುಕೊಂಡು ಎದ್ದುಹೋದವಳು.

ಅವ್ವ ಎದ್ದು ಹೋಗಿ ಉಪ್ಪಿನ ಭರಣಿಗೆ ಕೈ ಹಾಕಿ, ಚಟ್ನಿಗೆ ಬೆರೆಸಿ, ಮತ್ತೆ ಅಂಗೈಗೆ ಹಾಕಿಕೊಂಡು ಚಪ್ಪರಿಸಿ ನೋಡಿದಳು. ಆಮೇಲೆ ಸೌಟು ಹಿಡಿದು ತಿರುಗಿದಳು. ಎಲ್ಲರಿಗಿಂತ ಮೊದಲು ಆ ಬಸುರಿ ಹುಡುಗಿ ತಟ್ಟೆ ಚಾಚಿದಳು. ಅವಳು ಚಟ್ನಿಯನ್ನು ಒಮ್ಮೆ ಮೂಸಿ ನೋಡಿ, ಅವ್ವನ ಮುಖ ನೋಡಿ, ತಿನ್ನಲು ಕೂತಳು.